ಸಮಾಜದ ಏರುಪೇರು ಮತ್ತು ಮದ್ಯಪಾನ: ರಷ್ಯದ ನಿದರ್ಶನ

ಅರ್ಥಶಾಸ್ತ್ರದ ತರಗತಿಯಲ್ಲಿ ಒಮ್ಮೆ ಹಣದುಬ್ಬರದ ಪರಿಣಾಮಗಳನ್ನು ಕುರಿತು ಪಾಠ ನಡೆದಿತ್ತು. ಬೆಲೆಯೇರಿಕೆ, ಉಳಿತಾಯದ ನಾಶ, ನಿರುದ್ಯೋಗ ಇವುಗಳ ಜೊತೆಗೆ ‘ಜನರು ದುಃಖವನ್ನು ಮರೆಯಲು ಮದ್ಯಪಾನಕ್ಕೆ ಶರಣಾಗುತ್ತಾರೆ’ ಎಂಬ ವಾಕ್ಯವೊಂದನ್ನೂ ನಾನು ವಿದ್ಯಾರ್ಥಿಗಳಿಂದ ಬರೆಯಿಸಿದೆ. ಪಾಠ ಮುಗಿದ ಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ ವರಾಂಡದಲ್ಲಿ ನನ್ನನ್ನು ನಿಲ್ಲಿಸಿದ. “ಸಾರ್, ತಾವು ಹೇಳಿದ್ದು ನನಗೆ ಸರಿಯೆಂದು ತೋರಲಿಲ್ಲ. ನಮ್ಮ ತಂದೆಯವರಿಗೆ ಕೆಲಸ ಹೋದ ವರ್ಷ ಅವರು ಒಂದು ತೊಟ್ಟನ್ನೂ ಮುಟ್ಟಲಿಲ್ಲ. ಕೈಯಲ್ಲಿ ಕಾಸೇ ಇರಲಿಲ್ಲ. ಮತ್ತೆ ಕೆಲಸ ಸಿಕ್ಕಿತು, ನಮ್ಮ ಬೀದಿಗೇ ಒಂದು ಅಂಗಡಿಯೂ ಬಂದಿತು. ಆಮೇಲೆ ಶುರುವಾಯಿತು ನೋಡಿ” ಎಂದ. ಇಷ್ಟು ಹೇಳಿ ತಲೆ ತಗ್ಗಿಸಿಕೊಂಡು ಹೊರಟುಹೋದ.

ಒಬ್ಬ ಮನುಷ್ಯನ ಕಥೆಯಿಂದ ಒಂದು ಸಿದ್ಧಾಂತ ಬೀಳುವುದಿಲ್ಲ, ನಿಜ. ಆದರೂ ಅಂದು ನಾನು ಬರೆಯಿಸಿದ ವಾಕ್ಯ ಪುಸ್ತಕದಿಂದ ಪುಸ್ತಕಕ್ಕೆ ನಡೆದುಬಂದದ್ದೇ ಹೊರತು ನಾನು ಪರೀಕ್ಷಿಸಿ ನೋಡಿದ್ದಾಗಿರಲಿಲ್ಲ. ದೇಶಕ್ಕೆ ದೇಶವೇ ಬುಡಮೇಲಾದಾಗ ಜನರ ಕುಡಿತ ನಿಜವಾಗಿಯೂ ಹೆಚ್ಚುತ್ತದೆಯೇ? ಹೆಚ್ಚಿದರೆ ದುಃಖದಿಂದಲೇ ಹೆಚ್ಚುತ್ತದೆಯೇ? ಈ ಪ್ರಶ್ನೆಗೆ ಉತ್ತರ ಹುಡುಕುವವನು ಮೊದಲು ನೋಡಬೇಕಾದದ್ದು ರಷ್ಯದ ಕಡೆಗೆ. ಇಪ್ಪತ್ತೇ ವರ್ಷಗಳಲ್ಲಿ ಆ ದೇಶ ಕುಡಿತದ ಏರಿಳಿತಗಳನ್ನೆಲ್ಲ ಕಂಡಿತು. ಅದನ್ನು ಲೆಕ್ಕವಿಟ್ಟು ನೋಡಿದ ವಿದ್ವಾಂಸರೂ ಅಲ್ಲಿ ಇದ್ದರು.

ರಷ್ಯದಲ್ಲಿ ವೋಡ್ಕಾ ಎಂಬುದು ಕೇವಲ ಪಾನೀಯವಾಗಿರಲಿಲ್ಲ. ಅದು ಬೊಕ್ಕಸದ ಒಂದು ಕಂಬ. 1890ರ ದಶಕದಲ್ಲಿ ಅರ್ಥಮಂತ್ರಿ ವಿಟ್ಟೆ ಅದರ ಮಾರಾಟವನ್ನು ಸರ್ಕಾರದ ಏಕಸ್ವಾಮ್ಯಕ್ಕೆ ಒಳಪಡಿಸಿದನು. ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಸಾಮ್ರಾಜ್ಯದ ಆದಾಯದಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು ವೋಡ್ಕಾದಿಂದಲೇ ಬರುತ್ತಿದ್ದಿತು. 1914ರಲ್ಲಿ ಸೈನ್ಯವನ್ನು ಯುದ್ಧಕ್ಕೆ ಕೂಡಿಸುವ ಹೊತ್ತಿಗೆ ಚಕ್ರವರ್ತಿ ಎರಡನೆಯ ನಿಕೋಲಸ್ ಪಾನನಿಷೇಧವನ್ನು ಸಾರಿದನು. ಆದಾಯದ ಅಷ್ಟು ದೊಡ್ಡ ಪಾಲನ್ನು ಯುದ್ಧದ ಆರಂಭದಲ್ಲಿಯೇ ಕೈಬಿಟ್ಟ ದೊರೆ ಇತಿಹಾಸದಲ್ಲಿ ಇನ್ನೊಬ್ಬನಿದ್ದಾನೋ ಇಲ್ಲವೋ! ಕ್ರಾಂತಿಯಾದ ಮೇಲೆ ಬೋಲ್ಷೆವಿಕರೂ ನಿಷೇಧವನ್ನು ಮುಂದುವರಿಸಿದರು. ಆದರೆ ಹಳ್ಳಿಯ ರೈತನಿಗೆ ಒಂದು ದಾರಿ ಗೊತ್ತಿದ್ದಿತು. ಪಟ್ಟಣಕ್ಕೆ ಧಾನ್ಯ ಒಯ್ದರೆ ಕೊಳ್ಳಲು ಸಾಮಾನಿಲ್ಲ, ಕೈಗೆ ಬರುವ ನೋಟಿಗೆ ಬೆಲೆಯಿಲ್ಲ. ಅದೇ ಧಾನ್ಯವನ್ನು ಭಟ್ಟಿ ಇಳಿಸಿದರೆ ಅದು ಕೆಡುವುದಿಲ್ಲ, ಯಾವಾಗ ಬೇಕಾದರೂ ವಿನಿಮಯಕ್ಕೆ ಬರುತ್ತದೆ. ನಮ್ಮ ಕಡೆ ಕಳ್ಳಭಟ್ಟಿ ಎನ್ನುವುದಕ್ಕೆ ಅವರು ಸಮಗೋನ್ ಎನ್ನುತ್ತಾರೆ. ಊಟಕ್ಕಿಲ್ಲದ ಕಾಲದಲ್ಲಿ ಧಾನ್ಯ ಹೀಗೆ ಹಂಡೆ ಸೇರುವುದನ್ನು ತಡೆಯಲಾರದೆ, ಬೊಕ್ಕಸವನ್ನು ತುಂಬಿಸಲೂ ಬೇಕಾಗಿ, 1925ರಲ್ಲಿ ಸೋವಿಯತ್ ಸರ್ಕಾರವೇ ವೋಡ್ಕಾ ಮಾರತೊಡಗಿತು. ಆಗ ಸರ್ಕಾರದ ಮುಖ್ಯಸ್ಥನಾಗಿದ್ದ ರಿಕೋವನ ಹೆಸರಿನಿಂದ ಜನ ಅದನ್ನು ‘ರಿಕೋವ್ಕ’ ಎಂದು ಕರೆದರು. ಏಕಸ್ವಾಮ್ಯ ಮತ್ತೆ ಮೊದಲಿನಂತಾಯಿತು. ದೊರೆ ಮಾತ್ರ ಬದಲಾಗಿದ್ದನು.

ಇನ್ನು ಅರುವತ್ತು ವರ್ಷಗಳನ್ನು ದಾಟಿ 1985ಕ್ಕೆ ಬರೋಣ. ಆ ವರ್ಷದ ಮಾರ್ಚಿಯಲ್ಲಿ ಮಿಖಾಯಿಲ್ ಗೋರ್ಬಚೇವ್ ಪಕ್ಷದ ಪ್ರಧಾನ ಕಾರ್ಯದರ್ಶಿಯಾದರು. ಎರಡೇ ತಿಂಗಳಲ್ಲಿ, ಮೇ ತಿಂಗಳಿನಲ್ಲಿ, ಮದ್ಯವಿರೋಧಿ ಆಜ್ಞೆ ಹೊರಟಿತು. ಕಾರ್ಖಾನೆಗಳಲ್ಲಿ ಕುಡಿದು ಬಂದ ಕಾರ್ಮಿಕರಿಂದ ಉತ್ಪಾದನೆ ಕುಂಠಿತವಾಗಿದ್ದಿತು. ಗಂಡಸರ ಆಯುಸ್ಸು ಹಿಂದಿನದಕ್ಕಿಂತ ಕುಗ್ಗಿದ್ದಿತು. ಆಜ್ಞೆಯ ಪ್ರಕಾರ ಅಂಗಡಿಗಳು ಮಧ್ಯಾಹ್ನ 2 ಗಂಟೆಗೆ ಮುಂಚೆ ಮದ್ಯ ಮಾರುವಂತಿಲ್ಲ. 21 ವರ್ಷ ತುಂಬದವರಿಗೆ ಮಾರುವಂತಿಲ್ಲ. ಬೆಲೆಯನ್ನು ಏರಿಸಿದರು, ಎಷ್ಟೋ ಅಂಗಡಿಗಳನ್ನು ಮುಚ್ಚಿದರು. ಮಾಲ್ಡೇವಿಯ, ಕ್ರಿಮಿಯ ಮುಂತಾದ ಕಡೆಗಳಲ್ಲಿ ಉತ್ಸಾಹಿ ಅಧಿಕಾರಿಗಳು ದ್ರಾಕ್ಷಿತೋಟಗಳನ್ನೇ ಕೀಳಿಸಿಹಾಕಿದರು. ಬಳ್ಳಿ ಮಾಡಿದ ಅಪರಾಧವೇನೆಂದು ಕೇಳುವವರಿರಲಿಲ್ಲ. ರಷ್ಯನ್ ಭಾಷೆಯಲ್ಲಿ ‘ಗೆನೆರಾಲ್ನಿ’ ಎಂದರೆ ಪ್ರಧಾನ. ಜನರು ಅದನ್ನು ತಿರುಚಿ ಗೋರ್ಬಚೇವರನ್ನು ‘ಮಿನೆರಾಲ್ನಿ ಕಾರ್ಯದರ್ಶಿ’, ಅಂದರೆ ಖನಿಜಜಲದ ಕಾರ್ಯದರ್ಶಿ, ಎಂದು ಹಾಸ್ಯಮಾಡಿದರು. ಇನ್ನೊಂದು ಹಾಸ್ಯವನ್ನು ಗೋರ್ಬಚೇವರೇ ಮುಂದೆ ಹೇಳಿ ನಗುತ್ತಿದ್ದರು: ವೋಡ್ಕಾದ ಸಾಲಿನಲ್ಲಿ ನಿಂತು ಬೇಸತ್ತವನೊಬ್ಬ ‘ಹೋಗಿ ಆ ಗೋರ್ಬಚೇವನನ್ನು ಕೊಂದೇ ಬರುತ್ತೇನೆ’ ಎಂದು ಹೊರಟನಂತೆ. ಸ್ವಲ್ಪ ಹೊತ್ತಿನಲ್ಲಿ ಹಿಂದಿರುಗಿದ. ‘ಏನಾಯಿತು?’ ಎಂದರೆ, ‘ಅಲ್ಲಿ ಸಾಲು ಇದಕ್ಕಿಂತ ಉದ್ದವಾಗಿದೆ’ ಎಂದನಂತೆ.

ಹಾಸ್ಯ ಹಾಗಿರಲಿ, ಪರಿಣಾಮವನ್ನು ನೋಡಿ. ರಷ್ಯದಲ್ಲಿ ಸರ್ಕಾರ ಮಾರುವ ಮದ್ಯದ ಪ್ರಮಾಣ 1984ರಿಂದ 1987ಕ್ಕೆ ಅರ್ಧಕ್ಕಿಂತಲೂ ಕೆಳಗಿಳಿಯಿತು. ಕಳ್ಳಭಟ್ಟಿಯನ್ನೂ ಸೇರಿಸಿ ಲೆಕ್ಕ ಹಾಕಿದ ಅಲೆಕ್ಸಾಂಡರ್ ನೆಮ್ತ್ಸೋವ್ ಎಂಬ ವಿದ್ವಾಂಸರ ಅಂದಾಜಿನಂತೆ ನಿಜವಾದ ಸೇವನೆ ಇಳಿದದ್ದು ಸುಮಾರು ನಾಲ್ಕನೆಯ ಒಂದು ಪಾಲು. ಇದೇ ಕಾಲದಲ್ಲಿ ಗಂಡಸರ ನಿರೀಕ್ಷಿತ ಆಯುಸ್ಸು 62ರ ಒಳಗಿದ್ದದ್ದು ಸುಮಾರು 65ಕ್ಕೆ ಏರಿತು. ನಿರೀಕ್ಷಿತ ಆಯುಸ್ಸು ಎಂದರೆ, ಆಯಾ ವರ್ಷದ ಮರಣ ಪ್ರಮಾಣವೇ ಮುಂದೆಯೂ ನಡೆದರೆ ಆಗ ಹುಟ್ಟಿದ ಕೂಸು ಸರಾಸರಿ ಎಷ್ಟು ಕಾಲ ಬದುಕೀತು ಎಂಬ ಲೆಕ್ಕ. ಮೂರೇ ವರ್ಷಗಳಲ್ಲಿ ಅದು ಮೂರು ವರ್ಷ ಏರುವುದೆಂದರೆ ಸಾಮಾನ್ಯ ಮಾತಲ್ಲ. ಆಸ್ಪತ್ರೆಗಳು ಸುಧಾರಿಸಿರಲಿಲ್ಲ, ಊಟ ಸುಧಾರಿಸಿರಲಿಲ್ಲ; ಬದಲಾದದ್ದು ಮುಖ್ಯವಾಗಿ ಸೀಸೆಯ ಲಭ್ಯತೆ.

ಆದರೆ ಈ ಪ್ರಯೋಗ ಬಾಳಲಿಲ್ಲ. ಅಂಗಡಿಗಳಿಂದ ಸಕ್ಕರೆ ಮಾಯವಾಯಿತು, ಏಕೆಂದರೆ ಅದು ಮನೆಮನೆಯ ಭಟ್ಟಿಗೆ ಹೋಗುತ್ತಿದ್ದಿತು. ಊರೂರಿನಲ್ಲಿ ಸಕ್ಕರೆಗೆ ಚೀಟಿ ಬಂದಿತು. ಸುಗಂಧದ್ರವ್ಯ, ಔಷಧದ ಅರಕು, ಗಾಜು ಒರೆಸುವ ದ್ರವ ಇವುಗಳನ್ನು ಕುಡಿಯುವವರಾದರು. 1986ರಲ್ಲಿ ಪ್ರಪಂಚದ ಮಾರುಕಟ್ಟೆಯಲ್ಲಿ ಎಣ್ಣೆಯ ಬೆಲೆ ಕುಸಿಯಿತು. ಎಣ್ಣೆಯ ಹಣವೂ ಇಲ್ಲ, ವೋಡ್ಕಾದ ಹಣವೂ ಇಲ್ಲವೆಂದ ಮೇಲೆ ಬೊಕ್ಕಸ ಬರಿದಾಗದೆ ಇನ್ನೇನಾದೀತು? 1988ರ ಹೊತ್ತಿಗೆ ಸರ್ಕಾರ ಹಿಂದೆಗೆಯಿತು. ಇದು ಸುಧಾರಣೆಯ ಸೋಲೆಂದು ಬರೆಯುವವರೇ ಹೆಚ್ಚು. ಬದುಕಿ ಉಳಿದವರ ಲೆಕ್ಕವನ್ನು ಕಂಡ ಮೇಲೆ ನನಗೆ ಹಾಗೆ ಹೇಳಲು ಮನಸ್ಸು ಬರುವುದಿಲ್ಲ. ಜನರ ಪ್ರಾಣ ಉಳಿಸುವ ಕೆಲಸವನ್ನು ಅವರ ಕುಡಿತದಿಂದಲೇ ಹೊಟ್ಟೆ ಹೊರೆಯುವ ಬೊಕ್ಕಸಕ್ಕೆ ವಹಿಸಿದ್ದರಲ್ಲಿ ತೊಡಕು ಇದ್ದಿತೆಂದು ಮಾತ್ರ ಹೇಳಬಹುದು.

ಇಲ್ಲಿಯವರೆಗೆ ನಡೆದದ್ದು ಪೀಠಿಕೆ. 1991ರ ಡಿಸೆಂಬರಿನಲ್ಲಿ ಸೋವಿಯತ್ ಒಕ್ಕೂಟವೇ ಮುರಿಯಿತು. 1992ರ ಜನವರಿ 2ರಂದು ಯೆಲ್ತ್ಸಿನ್ ಸರ್ಕಾರ ಬೆಲೆಗಳ ಮೇಲಿನ ಹತೋಟಿಯನ್ನು ತೆಗೆದುಹಾಕಿತು. ಆ ಒಂದೇ ವರ್ಷದಲ್ಲಿ ಬೆಲೆಗಳು ಇಪ್ಪತ್ತು ಪಟ್ಟಿಗೂ ಮೀರಿ ಏರಿದವು. ಮಗಳ ಮದುವೆಗೋ ಮುಪ್ಪಿಗೋ ಎಂದು ಉಳಿತಾಯದ ಬ್ಯಾಂಕಿನಲ್ಲಿ ಇಟ್ಟಿದ್ದ ಹಣ ಒಂದು ಚೀಲ ದಿನಸಿಗೂ ಸಾಲದಾಯಿತು. ಕಾರ್ಖಾನೆಗಳು ಮುಚ್ಚಿದವು, ಮುಚ್ಚದೆ ಉಳಿದವು ತಿಂಗಳುಗಟ್ಟಲೆ ಸಂಬಳ ಕೊಡಲಿಲ್ಲ. ಕಾರ್ಖಾನೆಯೆಂದರೆ ಅಲ್ಲಿ ಕೂಲಿಯ ಜಾಗ ಮಾತ್ರವಲ್ಲ. ಮನೆ, ಶಿಶುವಿಹಾರ, ಆಸ್ಪತ್ರೆ, ರಜೆಯ ವಿಶ್ರಾಂತಿಧಾಮ ಎಲ್ಲವೂ ಅದಕ್ಕೆ ಸೇರಿದ್ದವು. ಕಾರ್ಖಾನೆ ಹೋದರೆ ಊರೇ ಹೋದಂತೆ. ಸರ್ಕಾರದ ಆಸ್ತಿಯೆಲ್ಲ ಚೀಟಿಗಳ ಮೂಲಕ ಖಾಸಗಿಯವರ ಕೈಗೆ ಹೋಗತೊಡಗಿತು. ನಲವತ್ತೈದು ವರ್ಷದ ಯಂತ್ರಕಾರನೊಬ್ಬನಿಗೆ ತಾನು ಕಲಿತ ವಿದ್ಯೆ, ಪಡೆದ ಪದಕ, ನಂಬಿದ ದೇಶ ಮೂರೂ ಒಂದೇ ಸಲ ಇಲ್ಲವಾದವು. ದುಃಖಕ್ಕೆ ಕಾರಣ ಬೇಕೆಂದರೆ ಇದಕ್ಕಿಂತ ಹೆಚ್ಚಿನದು ಯಾವುದು?

1994ರ ಹೊತ್ತಿಗೆ ಗಂಡಸರ ನಿರೀಕ್ಷಿತ ಆಯುಸ್ಸು 58ಕ್ಕೂ ಕೆಳಗೆ ಬಿದ್ದಿತು. ಏಳು ವರ್ಷಗಳಲ್ಲಿ ಏಳು ವರ್ಷ ಇಳಿಯಿತು! ಹೆಂಗಸರದೂ ಸುಮಾರು ಮೂರು ವರ್ಷ ಇಳಿಯಿತು. ಯುದ್ಧವಿಲ್ಲದೆ, ಕ್ಷಾಮವಿಲ್ಲದೆ, ಸಾಂಕ್ರಾಮಿಕ ರೋಗವಿಲ್ಲದೆ ಕೈಗಾರಿಕಾ ದೇಶವೊಂದರಲ್ಲಿ ಹೀಗಾದದ್ದು ಅತಿ ಅಪೂರ್ವ. ಮದ್ಯದ ವಿಷಕ್ಕೇ ಸತ್ತವರ ಪ್ರಮಾಣ 1987ರದಕ್ಕಿಂತ ಹಲವು ಪಟ್ಟು ಹೆಚ್ಚಾಗಿದ್ದಿತು.

ಇದು ಮದ್ಯದ ಕೆಲಸವೆಂದು ಹೇಗೆ ಹೇಳುವುದು? ಹಸಿವಿರಬಹುದು, ಆಸ್ಪತ್ರೆಗಳ ದುರವಸ್ಥೆಯಿರಬಹುದು. 1997ರಲ್ಲಿ ಡೇವಿಡ್ ಲಿಯಾನ್ ಮತ್ತು ಅವರ ಸಂಗಡಿಗರು ‘ಲ್ಯಾನ್ಸೆಟ್’ ಎಂಬ ವೈದ್ಯಪತ್ರಿಕೆಯಲ್ಲಿ ಈ ಪ್ರಶ್ನೆಯನ್ನೇ ಎತ್ತಿಕೊಂಡರು. ಹಸಿವಿನಿಂದ ಜನ ಸಾಯುವುದಾದರೆ ಮೊದಲು ಸಾಯುವವರು ಕೂಸುಗಳು ಮತ್ತು ಮುದುಕರು. ಇಲ್ಲಿ ಹಾಗಾಗಲಿಲ್ಲ. ಏರಿಳಿತ ಅತ್ಯಂತ ಹೆಚ್ಚಾಗಿ ಕಂಡದ್ದು ನಲವತ್ತರಿಂದ ಐವತ್ತರ ಪ್ರಾಯದವರಲ್ಲಿ. ಅಪಘಾತ, ಕೊಲೆ, ಆತ್ಮಹತ್ಯೆ, ಹೃದ್ರೋಗ ಎಲ್ಲವೂ 1985ರ ಅನಂತರ ಇಳಿದು 1987ರ ಮೇಲೆ ಏರಿದವು. ಕ್ಯಾನ್ಸರಿನ ಸಾವು ಮಾತ್ರ ಹಾಗೆ ಏರಿಳಿಯಲಿಲ್ಲ. ಲೆಕ್ಕ ಬರೆಯುವುದರಲ್ಲೇ ತಪ್ಪಾಗಿದ್ದರೆ ಕ್ಯಾನ್ಸರಿನ ಲೆಕ್ಕವೂ ತಪ್ಪಬೇಕಿತ್ತು. ಬಳಿಕ ಸೈಬೀರಿಯದ ತೋಮ್ಸ್ಕ್, ಬರ್ನಾವುಲ್, ಬೀಸ್ಕ್ ಎಂಬ ಮೂರು ಪಟ್ಟಣಗಳಲ್ಲಿ 1990ರಿಂದ 2001ರವರೆಗೆ ಸತ್ತ 48,557 ವಯಸ್ಕರ ಮನೆಯವರನ್ನು ವಿಚಾರಿಸಿ ದವೀದ್ ಜರೀದ್ಜೆ ಮೊದಲಾದವರು 2009ರಲ್ಲಿ ಒಂದು ವರದಿ ಪ್ರಕಟಿಸಿದರು. ಹದಿನೈದರಿಂದ ಐವತ್ತನಾಲ್ಕರ ವಯಸ್ಸಿನವರ ಸಾವುಗಳಲ್ಲಿ ಅರ್ಧಕ್ಕೂ ಹೆಚ್ಚಿನವಕ್ಕೆ ಮದ್ಯವೇ ಕಾರಣವೆಂದು ಅವರ ತೀರ್ಮಾನ. ಮನೆಮನೆಗೆ ಹೋಗಿ ವಿಧವೆಯರನ್ನೂ ತಾಯಂದಿರನ್ನೂ ‘ನಿಮ್ಮವರು ವಾರಕ್ಕೆ ಎಷ್ಟು ಸೀಸೆ ಕುಡಿಯುತ್ತಿದ್ದರು?’ ಎಂದು ಕೇಳಿದವರ ಕೆಲಸ ಎಷ್ಟು ಕಷ್ಟದ್ದೆಂಬುದನ್ನು ಆ ಅಂಕಿಗಳು ತಿಳಿಸುವುದಿಲ್ಲ.

ಇಷ್ಟಾದರೆ ನನ್ನ ಪಾಠದ ವಾಕ್ಯವೇ ಗೆದ್ದಂತಾಯಿತಲ್ಲವೇ? ದೇಶ ಮುರಿಯಿತು, ಜನ ಕುಡಿದರು, ಸತ್ತರು. ಆದರೆ ಆ ಹುಡುಗನ ಮಾತನ್ನು ನೆನಪಿನಲ್ಲಿಟ್ಟುಕೊಂಡು ಮತ್ತೊಮ್ಮೆ ನೋಡಬೇಕು. ಕೈಯಲ್ಲಿ ಕಾಸಿಲ್ಲದ ಜನ ಅಷ್ಟೊಂದು ಕುಡಿದದ್ದಾದರೂ ಹೇಗೆ?

ಉತ್ತರ ಬೆಲೆಯಲ್ಲಿದೆ. 1992ರ ಜೂನಿನಲ್ಲಿ ಸರ್ಕಾರ ವೋಡ್ಕಾದ ಏಕಸ್ವಾಮ್ಯವನ್ನೂ ಬಿಟ್ಟುಕೊಟ್ಟಿತು. ಮರುವರ್ಷ ಅದನ್ನು ಮರಳಿ ಪಡೆಯುವ ಆಜ್ಞೆ ಹೊರಟರೂ ಅಷ್ಟರಲ್ಲಿ ಹತೋಟಿ ಕೈತಪ್ಪಿಹೋಗಿದ್ದಿತು. ಬೀದಿಬೀದಿಯ ಗೂಡಂಗಡಿಯಲ್ಲಿ ಹಗಲೂ ಇರುಳೂ ಮದ್ಯ ಸಿಗತೊಡಗಿತು. ಹೊರದೇಶಗಳಿಂದ ‘ರಾಯಲ್’ ಎಂಬ ನೂರಕ್ಕೆ 96ರಷ್ಟು ತೀಕ್ಷ್ಣವಾದ ಸ್ಪಿರಿಟ್ಟು ದೊಡ್ಡ ಸೀಸೆಗಳಲ್ಲಿ ಬಂದಿತು. ನೀರು ಬೆರಸಿದರೆ ಒಂದು ಸೀಸೆ ಎರಡಾಗುತ್ತಿದ್ದಿತು. ರೊಟ್ಟಿ, ಮಾಂಸ, ಬಟ್ಟೆಗಳ ಬೆಲೆ ಏರಿದ ವೇಗದಲ್ಲಿ ವೋಡ್ಕಾದ ಬೆಲೆ ಏರಲಿಲ್ಲ. ಬಡವನಿಗೆ ಎಲ್ಲವೂ ತುಟ್ಟಿಯಾದಾಗ ಅದೊಂದು ಮಾತ್ರ ಹೋಲಿಕೆಗೆ ಅಗ್ಗವಾಗಿ ಉಳಿಯಿತು. ಗೋರ್ಬಚೇವರ ಕಾಲದಲ್ಲಿ ಸಾಲಿನಲ್ಲಿ ಗಂಟೆಗಟ್ಟಲೆ ನಿಂತು ಪಡೆಯುತ್ತಿದ್ದ ವಸ್ತು ಈಗ ಕರೆದಲ್ಲಿಗೆ ಬಂದಿತು. ಇನ್ನೂ ವಿಚಿತ್ರವೆಂದರೆ, 1998ರಲ್ಲಿ ಆಲ್ತಾಯ್ ಪ್ರಾಂತದ ಶಾಲಾ ಉಪಾಧ್ಯಾಯರಿಗೆ ಬಾಕಿ ಸಂಬಳದ ಬದಲು ವೋಡ್ಕಾವನ್ನೇ ಕೊಡಲು ಹೊರಟರು. ಹಣಕ್ಕೆ ಬೆಲೆಯಿಲ್ಲದಲ್ಲಿ ಸೀಸೆಯೇ ನಾಣ್ಯವಾಗುತ್ತದೆಯೆಂಬುದಕ್ಕೆ 1920ರ ರೈತ ಮತ್ತು 1998ರ ಉಪಾಧ್ಯಾಯ ಇಬ್ಬರೂ ಸಾಕ್ಷಿ.

ದುಃಖವೊಂದೇ ಸಾಕಾಗಿದ್ದರೆ ದುಃಖವಿದ್ದಲ್ಲೆಲ್ಲ ಹೀಗೆಯೇ ಆಗಬೇಕಿತ್ತು. ಪೋಲೆಂಡಿನಲ್ಲಿಯೂ 1990ರಲ್ಲಿ ಬೆಲೆಗಳನ್ನು ಒಮ್ಮೆಗೇ ಬಿಟ್ಟರು, ಕಾರ್ಖಾನೆಗಳು ಮುಚ್ಚಿದವು. ಆಯುಸ್ಸು ಕೊಂಚ ತಗ್ಗಿ ಒಂದೆರಡು ವರ್ಷದಲ್ಲೇ ಮೇಲೇಳತೊಡಗಿತು. ಅರ್ಮೇನಿಯವು 1988ರಲ್ಲಿ ಭೂಕಂಪವನ್ನು, ಅನಂತರ ಯುದ್ಧವನ್ನು, ಚಳಿಗಾಲದಲ್ಲಿ ದೀಪವೂ ಇಲ್ಲದ ಕತ್ತಲೆಯನ್ನು ಕಂಡಿತು. ಆದರೆ ಅಲ್ಲಿಯ ನಡುವಯಸ್ಸಿನ ಗಂಡಸರು ರಷ್ಯದವರಂತೆ ಸಾಯಲಿಲ್ಲ. ರಷ್ಯದ ಒಳಗೇ ನೋಡಿ: ಕಾಕಸಸ್ ಪರ್ವತಗಳ ಕಡೆಯ ದಾಗೆಸ್ತಾನ ಬಡಪ್ರಾಂತ, ಕೆಲಸವಿಲ್ಲದವರ ಸಂಖ್ಯೆ ಅಲ್ಲಿ ಹೆಚ್ಚು. ಮುಸಲ್ಮಾನರ ಆ ನಾಡಿನಲ್ಲಿ ಕುಡಿತ ಕಡಮೆ, ಆಯುಸ್ಸು ದೇಶದ ಸರಾಸರಿಗಿಂತ ಹೆಚ್ಚು. ಕುಡಿಯುವ ರೀತಿಯೂ ಮುಖ್ಯವೇ. ಊಟದೊಡನೆ ದ್ರಾಕ್ಷಾರಸ ಕುಡಿಯುವುದು ಬೇರೆ, ಒಂದು ಸೀಸೆ ವೋಡ್ಕಾವನ್ನು ಒಂದೇ ಕುಳಿತದಲ್ಲಿ ಮುಗಿಸುವುದು ಬೇರೆ. ದಿನಗಟ್ಟಲೆ ಮನೆಮಠವಿಲ್ಲದೆ ಕುಡಿಯುವ ಅಭ್ಯಾಸಕ್ಕೆ ರಷ್ಯನ್ನರಲ್ಲಿ ‘ಜಪೋಯ್’ ಎಂಬ ಪ್ರತ್ಯೇಕ ಹೆಸರೇ ಇದೆ.

ಇಂಥದೇ ಸಂಗತಿ ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿಯೂ ನಡೆದಿದೆ. ಕುಡಿದ ತಾಯಿಯ ತೋಳಿನಿಂದ ಕೂಸು ಜಾರಿ ಬೀಳುವ ಹೋಗಾರ್ಥನ 1751ರ ಚಿತ್ರವನ್ನು ಅನೇಕರು ನೋಡಿರಬಹುದು. ಹಳ್ಳಿಬಿಟ್ಟು ಬಂದ ಬಡವರ ದುಃಖವೇ ಜಿನ್ ಕುಡಿತಕ್ಕೆ ಕಾರಣವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಆದರೆ 1690ರಲ್ಲಿ ಪಾರ್ಲಿಮೆಂಟು ಭಟ್ಟಿಯ ಉದ್ಯಮವನ್ನು ಎಲ್ಲರಿಗೂ ತೆರೆದಿದ್ದಿತು. ಮುಂದಿನ ದಶಕಗಳಲ್ಲಿ ಬೆಳೆ ಚೆನ್ನಾಗಿ ಧಾನ್ಯ ಅಗ್ಗವಾಯಿತು. ಹೆಚ್ಚಿನ ಧಾನ್ಯ ಖರ್ಚಾಗುವುದು ಜಮೀನ್ದಾರರಿಗೂ ಬೇಕಿತ್ತು. 1736ರ ಕಾಯಿದೆ ಚಿಲ್ಲರೆ ಮಾರುವವನಿಗೆ 50 ಪೌಂಡಿನ ಪರವಾನಿಗೆಯನ್ನು ವಿಧಿಸಿತು; ಅದನ್ನು ಲೆಕ್ಕಿಸಿದವರೇ ಇಲ್ಲ. 1751ರ ಹದವಾದ ಕಾಯಿದೆ, ಅದರ ಬೆನ್ನಿಗೆ ಬಂದ ಕೆಟ್ಟ ಬೆಳೆ, 1757ರಲ್ಲಿ ಧಾನ್ಯದಿಂದ ಭಟ್ಟಿ ಇಳಿಸುವುದಕ್ಕೆ ಹಾಕಿದ ತಡೆ, ಇವುಗಳಿಂದ ಹುಚ್ಚು ಇಳಿಯಿತು. ಬಡವರ ದುಃಖವೇನೂ ಆ ವರ್ಷಗಳಲ್ಲಿ ಇಳಿದಿರಲಿಲ್ಲ.

ರಷ್ಯಕ್ಕೆ ಹಿಂದಿರುಗೋಣ. 1994ರ ಅನಂತರ ಸ್ವಲ್ಪ ಚೇತರಿಸಿಕೊಂಡಿದ್ದ ಆಯುಸ್ಸು, 1998ರ ಆಗಸ್ಟಿನಲ್ಲಿ ರೂಬಲ್ ಕುಸಿದ ಮೇಲೆ ಮತ್ತೆ ಇಳಿಯಿತು. 2003ರಲ್ಲಿ ಗಂಡಸರಿಗೆ 59ರ ಒಳಗೇ ಇದ್ದಿತು. ಆ ಹೊತ್ತಿಗೆ ಉರಲ್ ಪ್ರದೇಶದ ಇಜೆವ್ಸ್ಕ್ ಎಂಬ ಕಾರ್ಖಾನೆಯ ಪಟ್ಟಣದಲ್ಲಿ ಸತ್ತ 25ರಿಂದ 54ರ ವಯಸ್ಸಿನ ಗಂಡಸರನ್ನು ಕುರಿತು ನಡೆಸಿದ ಅಧ್ಯಯನದಲ್ಲಿ ನೂರಕ್ಕೆ 43ರಷ್ಟು ಸಾವುಗಳಿಗೆ ಅಪಾಯಕರವಾದ ಕುಡಿತ ಕಾರಣವೆಂದು ಕಂಡುಬಂದಿತು. ಅವರಲ್ಲಿ ಅನೇಕರು ಕುಡಿದದ್ದು ವೋಡ್ಕಾ ಕೂಡ ಅಲ್ಲ, ಕುಡಿಯಲು ಮಾಡದ ಸುಗಂಧದ್ರವ್ಯ, ಅರಕುಗಳು. ಮಾನದಲ್ಲಿಯೂ ಕೆಳಗೆ, ಬೆಲೆಯಲ್ಲಿಯೂ ಕೆಳಗೆ.

ತಿರುವು ಬಂದದ್ದು 2006ರ ಸುಮಾರಿಗೆ. ಸ್ಪಿರಿಟ್ಟಿನ ತಯಾರಿಕೆಯನ್ನೂ ಸಾಗಾಣಿಕೆಯನ್ನೂ ಲೆಕ್ಕಕ್ಕೆ ತಂದರು. 2010ರ ಜನವರಿಯಿಂದ ಅರ್ಧ ಲೀಟರು ವೋಡ್ಕಾವನ್ನು 89 ರೂಬಲ್‌ಗಿಂತ ಕಡಮೆಗೆ ಮಾರಬಾರದೆಂದು ವಿಧಿಸಿದರು. ರಾತ್ರಿಯ ಮಾರಾಟ ನಿಂತಿತು. 2013ರಿಂದ ಬಿಯರು ಗೂಡಂಗಡಿಯಿಂದ ಹೊರಬಿದ್ದಿತು. 2003ರಿಂದ 2016ರವರೆಗೆ ತಲಾ ಸೇವನೆ ನೂರಕ್ಕೆ 43ರಷ್ಟು ಇಳಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಪ್ರಕಟಿಸಿತು. ಆ ವರ್ಷ ಗಂಡಸರ ನಿರೀಕ್ಷಿತ ಆಯುಸ್ಸು 68ನ್ನು ಮುಟ್ಟಿದ್ದಿತು. ಈ ನಡುವೆ 2009ರಲ್ಲಿಯೂ, 2015ರಲ್ಲಿಯೂ ಆ ದೇಶ ಆರ್ಥಿಕ ಮುಗ್ಗಟ್ಟಿಗೆ ಸಿಕ್ಕಿತ್ತು. ರೂಬಲ್ ಬಿದ್ದಿತ್ತು, ಕೆಲಸಗಳು ಹೋಗಿದ್ದವು. ಆಯುಸ್ಸಿನ ಏರಿಕೆ ಮಾತ್ರ ನಿಲ್ಲಲಿಲ್ಲ. 1992ರ ಪೆಟ್ಟು ಇವೆರಡಕ್ಕಿಂತ ಬಹಳ ದೊಡ್ಡದು, ಒಪ್ಪತಕ್ಕದ್ದೇ. ಆದರೂ ಅಗ್ಗದ ಸೀಸೆ ಎದುರಿಗಿಲ್ಲದಾಗ ಮುಗ್ಗಟ್ಟು ಮೊದಲಿನಂತೆ ಮಸಣಕ್ಕೆ ದಾರಿ ಮಾಡಲಿಲ್ಲವೆಂಬುದನ್ನು ನಾವು ಗಮನಿಸಬೇಕು.

ಆದುದರಿಂದ ನನ್ನ ಟಿಪ್ಪಣಿಯ ವಾಕ್ಯವನ್ನು ತಿದ್ದಿದ್ದೇನೆ. ಏರುಪೇರು ಜನರಲ್ಲಿ ಕುಡಿಯುವ ಬಯಕೆಯನ್ನು ಹುಟ್ಟಿಸುತ್ತದೆ, ನಿಜ. ಆದರೆ ಎಷ್ಟು ಕುಡಿಯುತ್ತಾರೆ, ಏನು ಕುಡಿಯುತ್ತಾರೆ ಎಂಬುದನ್ನು ಗೊತ್ತುಮಾಡುವುದು ಅದೇ ಏರುಪೇರು ಬೆಲೆಯನ್ನು, ಅಂಗಡಿಯನ್ನು, ಸರ್ಕಾರದ ಹತೋಟಿಯನ್ನು ಏನು ಮಾಡಿತು ಎಂಬುದು. ಆ ಹುಡುಗ ಎರಡೇ ಮಾತಿನಲ್ಲಿ ಹೇಳಿದ್ದನ್ನು ಹೇಳಲು ನನಗೆ ಇಷ್ಟು ಪುಟ ಬೇಕಾಯಿತು.

ಬೆಲೆಯೊಂದರಿಂದಲೇ ಎಲ್ಲವೂ ಸರಿಹೋಯಿತೆಂದು ಮಾತ್ರ ಯಾರೂ ತಿಳಿಯಬಾರದು. 2016ರ ಡಿಸೆಂಬರಿನಲ್ಲಿ ಸೈಬೀರಿಯದ ಇರ್ಕುತ್ಸ್ಕ್ ನಗರದಲ್ಲಿ ಸ್ನಾನದ ನೀರಿಗೆ ಬೆರಸುವ ಸುಗಂಧದ್ರವವನ್ನು ಕುಡಿದು ಎಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ವೋಡ್ಕಾ ಕೊಳ್ಳಲಾರದವರಿಗೆ ಅದು ಅಗ್ಗವಾಗಿ ಸಿಗುತ್ತಿದ್ದಿತು. ಕುಡಿಯಬಾರದೆಂದು ಸೀಸೆಯ ಮೇಲೆ ಬರೆದಿದ್ದಿತು. ಒಳಗೆ ಮೆಥನಾಲ್ ಎಂಬ ವಿಷವಿದೆಯೆಂದು ಬರೆದಿರಲಿಲ್ಲ.